ಮೊಣಕಾಲು ಎಷ್ಟು ಮಿಲಿಮೀಟರ್?

ಕೊಹಿನೂರಕ್ಕೆ ಬಂದು ‘ಥಾರ್ ಮಾಸ್ತರ್ರ ಮನಿ ಯಾವುದ್ರಿ?’ ಎಂದು ಕೇಳಿದರೆ ಸಣ್ಣ ಹುಡುಗರೂ ಆಟ ಬಿಟ್ಟು ಬಂದು ಬಾಗಿಲವರೆಗೆ ಬಿಟ್ಟುಹೋಗುತ್ತಾರೆ. ಅಲ್ಲಿ ನೋಡಿದರೆ ಅಂಗಳದಲ್ಲಿ ಥಾರ್ ಇರುವುದಿಲ್ಲ. ನೂರು ಸಿಸಿಯ ಹಳೆಯ ಬೈಕು, ಅದರ ಹ್ಯಾಂಡಲಿಗೆ ನೇತುಹಾಕಿದ ಛತ್ರಿ, ಪಕ್ಕದಲ್ಲಿ ಮೆಲುಕು ಹಾಕುವ ಎಮ್ಮೆ. ಇಷ್ಟೇ. ಗಾಡಿ ಕೊಳ್ಳದೆ ಗಾಡಿಯ ಹೆಸರು ಗಳಿಸಿದವರು ಬಸವಕಲ್ಯಾಣ ತಾಲೂಕಿನಲ್ಲಿ ಬಹುಶಃ ಇವರೊಬ್ಬರೇ. ಮಾಸ್ತರ್ರು ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತಾರೆ. 2020ರ ಆಗಸ್ಟ್ 15ರಂದು ಮಹೀಂದ್ರಾ ಕಂಪನಿ ಹೊಸ ಥಾರ್‌ನ ಮುಸುಕು ತೆಗೆದಾಗ ‘ಇದೊಂದು ತಗೋಬೇಕು’ ಎಂದು ಊರಿಗೆಲ್ಲ ಕೇಳುವಂತೆ ಅಂದರು. ತಗೊಳ್ಳುವ ಮುಂಚೆ ನಾಲ್ಕು ಕಡೆ ವಿಚಾರಿಸಬೇಕಲ್ಲ? ಆ ವಿಚಾರಣೆ ಇನ್ನೂ ಮುಗಿದಿಲ್ಲ.

ಇಂಥವರು ಎಲ್ಲ ಊರಲ್ಲೂ ಇದ್ದಾರೆ. ಬೆಂಗಳೂರಿನವರು ಲಡಾಖಿನ ಹೆಸರು ಹೇಳಿ ಇಂಥ ಗಾಡಿ ಹುಡುಕುತ್ತಾರೆ, ಕೊನೆಗೆ ಅದರಲ್ಲಿ ಕೂತು ಸಿಲ್ಕ್ ಬೋರ್ಡ್ ದಾಟಿದರೆ ಅದೇ ದೊಡ್ಡ ಸಾಹಸ. ಹುಬ್ಬಳ್ಳಿಯವರು ದಾಂಡೇಲಿ ಕಾಡಿನ ಹೆಸರು ಹೇಳುತ್ತಾರೆ. ಕೊಹಿನೂರದ ಮಾಸ್ತರ್ರಿಗೆ ಅಂಥ ನೆಪವೇ ಬೇಕಿಲ್ಲ; ಜೂನ್ ಬಂತೆಂದರೆ ಕೆಸರು ತಾನಾಗಿ ಮನೆ ಬಾಗಿಲಿಗೆ ಬರುತ್ತದೆ. ಎರೆಮಣ್ಣು ಒಂದು ಮಳೆ ಕುಡಿದರೆ ಉಬ್ಬಿ ಅಂಟಾಗಿ ಚಪ್ಪಲಿಯನ್ನು ಹಿಡಿದಿಟ್ಟುಕೊಂಡು ಕಾಲನ್ನಷ್ಟೇ ಮನೆಗೆ ಕಳಿಸುತ್ತದೆ. ಹೀಗಾಗಿ ಮಾಸ್ತರ್ರ ಬೇಡಿಕೆಯನ್ನು ಶೋಕಿ ಎಂದು ತಳ್ಳಿಹಾಕುವಂತಿಲ್ಲ. ನೆರೆಯವರ ಕಷ್ಟ ಇರುವುದೇ ಅಲ್ಲಿ.

ಅವರ ಹತ್ತಿರ ಒಂದು ಲಾಂಗ್ ನೋಟ್‌ಬುಕ್ ಇದೆ. ಮೊದಲ ಪುಟದಲ್ಲಿ ಅರಿಶಿನ, ಕುಂಕುಮ. ಎರಡನೆಯ ಪುಟದಿಂದ ಕೋಷ್ಟಕ. ನೆಲದಿಂದ ಗಾಡಿಯ ಹೊಟ್ಟೆಗಿರುವ ಅಂತರ ಥಾರ್‌ಗೆ 226 ಮಿಲಿಮೀಟರ್, ಫೋರ್ಸ್ ಕಂಪನಿಯ ಹೊಸ ಗುರ್ಖಾಗೆ 233, ಮಾರುತಿ ಜಿಮ್ನಿಗೆ 210. ಮಾಸ್ತರ್ರು ಈ ಅಂಕಿಗಳನ್ನು ಓದುವಾಗ ಅವರ ದನಿ ತಂತಾನೇ ಮೆತ್ತಗಾಗುತ್ತದೆ. ‘ಏಳು ಮಿಲಿಮೀಟರ್ ಫರಕ್ ಅದ ನೋಡ್ರಿ, ಸಣ್ಣದಲ್ಲ’ ಎಂದು ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಸಂದು ಮಾಡಿ ತೋರಿಸುತ್ತಾರೆ. ಆ ಸಂದಿನಲ್ಲಿ ಒಂದು ತೊಗರಿಕಾಳು ಹಿಡಿಸೀತು.

ಹತ್ತನೆಯ ತರಗತಿಯ ತ್ರಿಕೋನಮಿತಿ ಪಾಠದಲ್ಲಿ ಗೋಪುರಕ್ಕೆ ಒರಗಿಸಿದ ಏಣಿಯ ಚಿತ್ರ ಇರುವುದು ವಾಡಿಕೆ. ಇವರ ಕರಿಹಲಗೆಯ ಮೇಲೆ ಏಣಿಯ ಜಾಗದಲ್ಲಿ ಬಂಪರ್ ಬಂದಿದೆ. ಮುಂದಿನ ಚಕ್ರ ನೆಲ ಮುಟ್ಟುವ ಕಡೆಯಿಂದ ಬಂಪರಿನ ಕೆಳತುದಿಗೆ ಗೆರೆ ಎಳೆದರೆ ನೆಲಕ್ಕೂ ಅದಕ್ಕೂ ನಡುವೆ ಆಗುವ ಕೋನವೇ ಏರುಕೋನ. ಥಾರ್‌ಗೆ ಅದು ನಲವತ್ತೊಂದು ಡಿಗ್ರಿಗಿಂತ ತುಸು ಹೆಚ್ಚು. ದಿಬ್ಬದ ನೆತ್ತಿಯ ಮೇಲೆ ಹೊಟ್ಟೆ ತಾಗದೆ ದಾಟುವ ಕೋನ ಇಪ್ಪತ್ತೇಳು. ಹುಡುಗರಿಗೆ ಸೈನ್, ಕೊಸೈನ್ ಮರೆತರೂ ಇವು ಮರೆಯುವುದಿಲ್ಲ. ಮಾಸ್ತರ್ರ ವಿಷಯದಲ್ಲಿ ಫೇಲಾಗುವವರು ಕಡಿಮೆ ಎಂಬ ಮಾತೂ ಇದೆ, ಅದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು.

ಶಾಲೆಯ ಕೋನಮಾಪಕ ಶಾಲೆಯಲ್ಲೇ ಉಳಿದಿದ್ದರೆ ಈ ಬರಹದ ಅಗತ್ಯ ಬೀಳುತ್ತಿರಲಿಲ್ಲ. ಒಂದು ಆಷಾಢದಲ್ಲಿ ಅದು ಮಾಸ್ತರ್ರ ಚೀಲ ಸೇರಿ ಹೊಲದ ದಾರಿ ಹಿಡಿಯಿತು. ಜೊತೆಗೆ ಅಳತೆ ಟೇಪು, ತೂಗುಗುಂಡು ಕಟ್ಟಿದ ದಾರ, ಮತ್ತು ಟೇಪಿನ ಇನ್ನೊಂದು ತುದಿ ಹಿಡಿಯಲು ಪಕ್ಕದ ಮನೆಯವನಾದ ಈ ಲೇಖಕ. ಮಾಸ್ತರ್ರ ಹೊಲಕ್ಕೂ ಊರಿಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಅದರಲ್ಲಿ ಕ್ರಿಕೆಟ್ ಆಡುತ್ತಾರೆ. ಮಳೆಗಾಲದಲ್ಲಿ ದಡದ ಮೇಲೆ ನಿಂತು ಯೋಚನೆ ಮಾಡುತ್ತಾರೆ. ಥಾರ್ 650 ಮಿಲಿಮೀಟರ್ ನೀರಿನಲ್ಲಿ ದಾಟಬಲ್ಲದು, ಗುರ್ಖಾ 700. ಹಾಗಾದರೆ ಈ ಹಳ್ಳದ ನೀರು ಎಷ್ಟು?

‘ನೀವು ನಡು ಹಳ್ಳದಾಗ ಹೋಗಿ ನಿಂದರ್ರಿ’ ಅಂದರು ಮಾಸ್ತರ್ರು.

‘ಎದಕ್ರಿ? ಒಂದ್ ಕೋಲು ಹುಗದ್ರ ಆಗಂಗಿಲ್ಲೇನು?’

‘ಕೋಲು ಕೆಸರಾಗ ಇಳೀತದ, ಲೆಕ್ಕ ತಪ್ತದ. ಮನಷ್ಯಾನ ಪಾದ ಅಗಲ ಇರ್ತದ, ಜಲ್ದಿ ಇಳಿಯಂಗಿಲ್ಲ.’

ಗಣಿತದವರ ಜೊತೆ ವಾದಿಸಿ ಗೆದ್ದವರಿಲ್ಲ. ಪೈಜಾಮ ಮೇಲೆತ್ತಿ ಇಳಿದದ್ದಾಯಿತು. ನೀರು ಮೊಣಕಾಲಿಗೆ ಬಂತು. ದಡದಿಂದ ಪ್ರಶ್ನೆ ತೇಲಿಬಂತು: ‘ನಿಮ್ಮ ಮೊಣಕಾಲು ನೆಲದಿಂದ ಎಷ್ಟ್ ಮಿಲಿಮೀಟರ್ ಅದ ರೀ?’

ಹುಟ್ಟಿದಾರಭ್ಯ ಜೊತೆಗಿರುವ ಮೊಣಕಾಲಿನ ಬಗ್ಗೆ ಇಷ್ಟು ಸಣ್ಣ ಮಾಹಿತಿಯೂ ಇಲ್ಲದ ನೆರೆಯವನನ್ನು ಮಾಸ್ತರ್ರು ಕನಿಕರದಿಂದ ನೋಡಿ ದಡಕ್ಕೆ ಕರೆದರು, ಬಗ್ಗಿ ಅಳೆದರು, 480 ಎಂದು ಬರೆದುಕೊಂಡರು, ಮತ್ತೆ ನೀರಿಗೆ ಕಳಿಸಿದರು. ಈ ಸಲ ಕಾಲಾಡಿಸಿ ತಳದಲ್ಲಿ ಕಲ್ಲುಗಳಿವೆಯೇ ನೋಡಬೇಕಿತ್ತು. ಇದ್ದವು. ಒಂದೊಂದು ಕಲ್ಲಿನ ಎತ್ತರ ಹೇಳಬೇಕಿತ್ತು. ಹೆಬ್ಬೆರಳಿನಿಂದ ಅಳೆದು ಹೇಳುವ ಕೆಲಸ ನಡೆದಿರುವಾಗಲೇ ಆಚೆ ದಡದ ಮೇಲೆ ಒಂದು ಟಂಟಂ ಕಾಣಿಸಿತು. ಒಳಗೆ ಕೂಲಿಗೆ ಹೋಗಿಬಂದ ಹೆಣ್ಣುಮಕ್ಕಳು, ಹಿಂದೆ ಕಾಲು ಇಳಿಬಿಟ್ಟ ಇಬ್ಬರು, ನೆತ್ತಿಯ ಮೇಲೆ ಗೊಬ್ಬರದ ಚೀಲ, ಚೀಲದ ಮೇಲೆ ಒಂದು ಆಡು. ಚಾಲಕ ಹಾರ್ನ್ ಹೊಡೆದು, ‘ಮಾಸ್ತರ್, ಬಾಜೂ ಸರೀರಿ!’ ಎಂದು ಕೂಗಿದವನೇ ಹತ್ತು ಹೆಜ್ಜೆ ಮೇಲ್ಗಡೆಗೆ ತಿರುಗಿಸಿ, ನೀರೊಳಗಿದ್ದ ಹಾಸುಗಲ್ಲಿನ ಮೇಲಿಂದ ಅರ್ಧ ಚಕ್ರವೂ ಮುಳುಗದಂತೆ ದಾಟಿ, ಏರು ಹತ್ತಿ, ಊರು ಸೇರಿದ. ಅವನೆಬ್ಬಿಸಿದ ನೀರು ಈ ಲೇಖಕನ ಸೊಂಟ ತೊಯ್ಸಿತು.

ಮಾಸ್ತರ್ರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನೋಟ್‌ಬುಕ್ ಮುಚ್ಚುತ್ತ, ‘ಅಂವ ಹಾಸಗಲ್ಲಿನ ಮ್ಯಾಲಿಂದ ಹೋದ. ಅದು ಲೆಕ್ಕಕ್ಕ ಬರಂಗಿಲ್ಲ’ ಅಂದರು.

ಇತರ ಗುಣಗಳನ್ನು ಬೇಗ ಹೇಳಿ ಮುಗಿಸಬಹುದು. ಹೈವೇಗೆ ಹೋದಾಗ ಹೋಟೆಲಿನ ಮುಂದೆ ಯಾವುದಾದರೂ ಎತ್ತರದ ಗಾಡಿ ನಿಂತಿದ್ದರೆ ಮಾಸ್ತರ್ರ ಚಹಾ ಆರಿಹೋಗುತ್ತದೆ. ಊರವರೆಲ್ಲ ಕೇಳುವ ‘ಎವರೇಜ್ ಎಷ್ಟ್ ಕೊಡ್ತದ?’ ಎಂಬ ಪ್ರಶ್ನೆಯನ್ನು ಅವರು ಕೇಳುವುದಿಲ್ಲ, ಅದು ಅವರ ದೃಷ್ಟಿಯಲ್ಲಿ ಅಲ್ಪರ ಪ್ರಶ್ನೆ. ‘ಲೋ ರೇಂಜ್ ಯಾವಾಗರ ಹಾಕೀರೇನು?’ ಎಂದು ಕೇಳುತ್ತಾರೆ. ಗಾಡಿಯ ಮಾಲೀಕರು ಕನ್ನಡಕದೊಳಗಿಂದ ಇವರನ್ನು ನೋಡುತ್ತಾರೆ. ಹಾಕಿದವರು ಯಾರೂ ಸಿಕ್ಕಿಲ್ಲ. ಇಪ್ಪತ್ತು ಲಕ್ಷದ ಹತ್ತಿರ ಸುರಿದು ತಂದ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಬಲವನ್ನೂ ಲೋ ರೇಂಜನ್ನೂ ಕೊಡುವ ಎರಡನೆಯ ಲಿವರ್ ಕಂಪನಿ ಬಿಟ್ಟ ಜಾಗದಲ್ಲೇ ತಣ್ಣಗೆ ಕೂತಿರುತ್ತದೆ. ಮಾಸ್ತರ್ರಿಗೆ ಇದು ಹೊಟ್ಟೆಕಿಚ್ಚಿನ ಸಂಗತಿಯಾಗಿ ಕಾಣುವುದಿಲ್ಲ, ಮನೆಯಲ್ಲಿ ಪಂಡಿತನನ್ನು ಇಟ್ಟುಕೊಂಡು ಮಾತಾಡಿಸದವರನ್ನು ಕಂಡಷ್ಟು ನೋವಾಗುತ್ತದೆ.

ಕಲಬುರಗಿಯ ಒಂದು ಶೋರೂಮಿನಲ್ಲಿ ಅವರು ಹಳೆಯ ಪೇಪರ್ ಹಾಸಿ ಗಾಡಿಯ ಕೆಳಗೆ ಮಲಗಿದ್ದುಂಟು. ಅಲ್ಲಿದ್ದ ಸೇಲ್ಸ್ ಹುಡುಗ ಮೊದಲು ಗಾಬರಿಯಾದ, ಆಮೇಲೆ ಶಿಷ್ಯನಾದ. ಈಗ ಅವನು ಬೇರೆ ಕಂಪನಿಯಲ್ಲಿದ್ದಾನೆ. ಆದರೂ ಗಿರಾಕಿ ಕಠಿಣ ಪ್ರಶ್ನೆ ಕೇಳಿದರೆ ಹೊರಗೆ ಬಂದು ಮಾಸ್ತರ್ರಿಗೆ ಫೋನ್ ಮಾಡುತ್ತಾನೆ. ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ಒಣ ಡಾಂಬರಿನ ಮೇಲೆ ಯಾಕೆ ಓಡಿಸಬಾರದು ಎಂದು ಮಾಸ್ತರ್ರು ಅವನಿಗೆ ಎಮ್ಮೆ ಹಿಂಡುತ್ತಲೇ ವಿವರಿಸುತ್ತಾರೆ: ಇಂಥ ಗಾಡಿಯಲ್ಲಿ ಮುಂದಿನ ಹಿಂದಿನ ಅಚ್ಚುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ, ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದಾರಿ ಹೋಗಬೇಕು, ಸಡಿಲ ನೆಲದಲ್ಲಿ ಚಕ್ರ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ, ಡಾಂಬರಿನ ಮೇಲೆ ಜಾರಲಾರದೆ ಗೇರುಗಳ ಮೇಲೆ ಭಾರ ಬೀಳುತ್ತದೆ. ಆ ವಿವರಣೆಯಿಂದ ಆ ಹುಡುಗ ಎಷ್ಟು ಗಾಡಿ ಮಾರಿದ್ದಾನೋ. ಮಾಸ್ತರ್ರಿಗೆ ಕಮಿಷನ್ ಬಂದದ್ದು ಕೇಳಿಲ್ಲ.

ಇತಿಹಾಸ ಶುರುಮಾಡಿದರಂತೂ ಅವರು ನಿಜಕ್ಕೂ ಸೊಗಸುಗಾರ. ಮಹೀಂದ್ರಾ ಕಂಪನಿ 1945ರ ಅಕ್ಟೋಬರ್ 2ರಂದು ಲುಧಿಯಾನದಲ್ಲಿ ಹುಟ್ಟಿದಾಗ ಅದರ ಹೆಸರು ಮಹೀಂದ್ರಾ ಅಂಡ್ ಮೊಹಮ್ಮದ್. ಮಹೀಂದ್ರಾ ಸಹೋದರರ ಜೊತೆ ಪಾಲುದಾರರಾಗಿದ್ದವರು ಮಲಿಕ್ ಗುಲಾಮ್ ಮೊಹಮ್ಮದ್. ದೇಶ ಇಬ್ಭಾಗವಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. ಇಷ್ಟು ಎಲ್ಲರಿಗೂ ಸಿಗುವ ಮಾಹಿತಿ. ಮಾಸ್ತರ್ರು ಇದಕ್ಕೆ ಒಂದು ಗಂಟು ಹಾಕುತ್ತಾರೆ: ಅದೇ ಗುಲಾಮ್ ಮೊಹಮ್ಮದ್ ಅದಕ್ಕೆ ಮುಂಚೆ ಹೈದರಾಬಾದ್ ನಿಜಾಮರ ಹಣಕಾಸು ನೋಡಿಕೊಂಡಿದ್ದವರು, ಮತ್ತು ಆಗ ಕಲ್ಯಾಣ, ಹುಮನಾಬಾದ್, ಬೀದರ್ ಎಲ್ಲವೂ ನಿಜಾಮರ ಕೆಳಗೇ ಇದ್ದವು. ‘ಅಂದ್ರ ನಮ್ಮಜ್ಜನ ಲೇವಿ ಜೋಳದ ರೊಕ್ಕ ಎಣಿಸಿದ ಮನಷ್ಯಾನೇ ಜೀಪ್ ಕಂಪನಿ ಸುರು ಮಾಡ್ಯಾನ’ ಎಂದು ಮಾತು ಕೂಡಿಸುತ್ತಾರೆ. ಗಣಿತದವರಿಗೆ ಇಷ್ಟು ಸಲಿಗೆ ಇರಲಿ.

1948ರ ಸೆಪ್ಟೆಂಬರ್ ಕಥೆಯನ್ನು ಅವರ ಬಾಯಿಂದಲೇ ಕೇಳಬೇಕು. ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಕೈಕೆಳಗೆ ಭಾರತದ ಸೈನ್ಯ ಸೊಲ್ಲಾಪುರದ ಕಡೆಯಿಂದ ಹೊರಟು ನಳದುರ್ಗ, ಉಮರ್ಗಾ, ರಾಜೇಶ್ವರ, ಹುಮನಾಬಾದ್, ಜಹೀರಾಬಾದ್ ಹಾದು ಹೈದರಾಬಾದ್ ಮುಟ್ಟಿತು. ಆಚೀಚೆ ಎರೆಹೊಲ, ಮಳೆಗಾಲ ಇನ್ನೂ ಮುಗಿಯದ ತಿಂಗಳು. ಈಗಿನ 65ನೇ ರಾಷ್ಟ್ರೀಯ ಹೆದ್ದಾರಿಯ ಮೇಲೆ ರಾಜೇಶ್ವರದ ಹತ್ತಿರ ಬಸ್ಸು ನಿಧಾನವಾದಾಗಲೆಲ್ಲ ಮಾಸ್ತರ್ರು ಕಿಟಕಿಯ ಹೊರಗೆ ಕೈ ಮಾಡಿ, ಟ್ಯಾಂಕುಗಳು ಇಲ್ಲಿ, ಜೀಪುಗಳು ಇಲ್ಲಿ ಎಂದು ಸಾಲು ನಿಲ್ಲಿಸುತ್ತಾರೆ. ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕದಲ್ಲೆಲ್ಲ ಧ್ವಜ ಏರಿಸುವಾಗ ಅವರ ಭಾಷಣದಲ್ಲಿ ಸರ್ದಾರ್ ಪಟೇಲರ ನಂತರ ಫೋರ್-ವೀಲ್ ಡ್ರೈವ್ ಬಂದೇ ಬರುತ್ತದೆ.

ಧ್ವಜದ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ಮಾಸ್ತರ್ರ ಅಧ್ಯಯನವನ್ನು ಪ್ರತಿ ವರ್ಷ ಕೆಡಿಸುವುದು ಆಗಸ್ಟ್ 15. 2020ರಲ್ಲಿ ಥಾರ್ ತೋರಿಸಿದ ಕಂಪನಿ 2023ರ ಅದೇ ದಿನ ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಲ್ಲಿ ವಿದ್ಯುತ್ ಥಾರ್‌ನ ಮಾದರಿ ನಿಲ್ಲಿಸಿತು. 2024ರ ಅದೇ ದಿನ ಐದು ಬಾಗಿಲಿನ ಥಾರ್ ರಾಕ್ಸ್ ಬಂತು, ಆರಂಭದ ಬೆಲೆ 12.99 ಲಕ್ಷ. 2025ರ ಅದೇ ದಿನ ಮುಂಬೈಯಲ್ಲಿ ವಿಷನ್ ಹೆಸರಿನ ನಾಲ್ಕು ಹೊಸ ಮಾದರಿಗಳು. ಶಾಲೆಯಲ್ಲಿ ಮಕ್ಕಳಿಗೆ ಬೂಂದಿ ಹಂಚುತ್ತ ಮಾಸ್ತರ್ರು ಒಂದು ಕೈಯಲ್ಲಿ ಫೋನ್ ನೋಡುತ್ತಿರುತ್ತಾರೆ. ಮುಖದ ಮೇಲೆ ಸಂತೋಷವೂ ಸಂಕಟವೂ ಒಟ್ಟಿಗೇ ಹಾಯುತ್ತವೆ. ವರ್ಷವಿಡೀ ಬರೆದ ಕೋಷ್ಟಕಕ್ಕೆ ಇನ್ನೊಂದು ಕಂಬಸಾಲು ಸೇರಿತು. ಇನ್ನು ಈ ವರ್ಷ ಕೊಳ್ಳುವುದು ಮೂರ್ಖತನ.

ಕಾಯುವವರಿಗೆ ಆಗಾಗ ಸಮಾಧಾನವೂ ಸಿಗುತ್ತದೆ. 2023ರ ಜೂನ್ 7ರಂದು ಜಿಮ್ನಿ 12.74 ಲಕ್ಷಕ್ಕೆ ಮಾರುಕಟ್ಟೆಗೆ ಬಂತು. ಆರು ತಿಂಗಳು ಕಳೆಯುವುದರೊಳಗೆ ಥಂಡರ್ ಎಂಬ ಹೆಸರಿನಲ್ಲಿ 10.74 ಲಕ್ಷಕ್ಕೆ ಸಿಗತೊಡಗಿತು. ಮಾಸ್ತರ್ರು ತಾವು ಎರಡು ಲಕ್ಷ ಗಳಿಸಿದೆವೆಂದು ಮನೆಯಲ್ಲಿ ಸಾರಿದರು. ಮನೆಯವರು ಆ ಎರಡು ಲಕ್ಷದಲ್ಲಿ ಬಂಗಾರ ಮಾಡಿಸಿರಿ ಅಂದರು. ಆದರೆ ನಮ್ಮಲ್ಲಿ ಯಾರೂ ಮುಗಿಬಿದ್ದು ಕೊಳ್ಳದ ಅದೇ ಐದು ಬಾಗಿಲಿನ ಜಿಮ್ನಿ 2025ರ ಜನವರಿ ಕೊನೆಯಲ್ಲಿ ಇಲ್ಲಿಂದಲೇ ಹಡಗು ಹತ್ತಿ ಜಪಾನಿನ ಮಾರುಕಟ್ಟೆಗೆ ಹೋದಾಗ ಕೆಲವೇ ದಿನಗಳಲ್ಲಿ ಸುಮಾರು ಐವತ್ತು ಸಾವಿರ ಬುಕಿಂಗ್ ಬಂದು, ಸುಜುಕಿ ಕಂಪನಿ ಬುಕಿಂಗನ್ನೇ ನಿಲ್ಲಿಸಬೇಕಾಯಿತು. ಆ ಸುದ್ದಿ ಬಂದ ದಿನ ಮಾಸ್ತರ್ರು ರೊಟ್ಟಿ ಕಮ್ಮಿ ತಿಂದರು. ಕೆಂಪು ಗೆರೆ ಎಳೆದು ಕೈಬಿಟ್ಟ ಕಂಬಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ‘ಮರುಪರಿಶೀಲನೆ’ ಎಂದು ಬರೆದರು.

ಮನೆಯವರ ಅಭಿಪ್ರಾಯ ಬೇರೆ. ಜಿಮ್ನಿ ಬಂದ ನಾಲ್ಕನೆಯ ದಿನ, ಅಂದರೆ ಜೂನ್ 11ಕ್ಕೆ, ರಾಜ್ಯ ಸರ್ಕಾರದ ಶಕ್ತಿ ಯೋಜನೆ ಜಾರಿಯಾಗಿ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸು ಪುಕ್ಕಟೆಯಾಯಿತು. ಮಾಸ್ತರ್ರ ಹೆಂಡತಿ, ನಮಗೆಲ್ಲ ಅಕ್ಕನವರು, ಆಧಾರ್ ಕಾರ್ಡನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ಹುಮನಾಬಾದಿನ ವೀರಭದ್ರೇಶ್ವರ, ಮಾಣಿಕನಗರದ ಮಾಣಿಕಪ್ರಭು, ಬಸವಕಲ್ಯಾಣದಲ್ಲಿ 108 ಅಡಿ ಎತ್ತರದ ಬಸವಣ್ಣನ ಮೂರ್ತಿ, ಎಲ್ಲವನ್ನೂ ನೋಡಿ ಬಂದರು. ‘ನಂದೂ ಒಂದ್ ಗಾಡಿ ಅದ ನೋಡ್ರಿ’ ಎಂದು ಬಂದವರೆದುರು ಹೇಳುತ್ತಾರೆ. ‘ಐವತ್ತು ಸೀಟಿಂದು. ಡ್ರೈವರ್ ಅವರದೇ, ಡೀಸೆಲ್ ಅವರದೇ. ನಿಮ್ಮ ಮಾಸ್ತರ್ರ ಗಾಡ್ಯಾಗ ನಾಲ್ಕೇ ಮಂದಿ ಕೂಡ್ತಾರಂತ. ನಾವು ಐದು ಮಂದಿ ಇದೀವಿ. ಯಾರನ್ನ ಬಿಟ್ಟು ಹೋಗೂದು, ಅತ್ತಿನ್ನೇನು?’ ಆ ಅತ್ತೆ, ಎಂಬತ್ತರ ಹತ್ತಿರದವರು, ಮೂರು ಬಾಗಿಲಿನ ಗಾಡಿಯ ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಮಡಚಿ ಒಳಗೆ ತೂರಬೇಕೆಂದು ತಿಳಿದಾಗ ಒಂದೇ ಮಾತು ಕೇಳಿದರು: ‘ನನ್ನ ಅದರಾಗ ಏರಸ್ತೀ ಖರೆ, ತಮ್ಮಾ, ಇಳಸವ್ರು ಯಾರು?’

ಗುರ್ಖಾದ ಬಗ್ಗೆ ಇನ್ನೊಂದು ತೊಡಕು. ಲಗ್ನದ ಸೀಜನ್ನಿನಲ್ಲಿ ಬೀಗರನ್ನು ತುಂಬಿಕೊಂಡು, ಮೇಲೆ ಹಾಸಿಗೆ ಸುರುಳಿ ಕಟ್ಟಿಕೊಂಡು ಈ ಭಾಗದಲ್ಲೆಲ್ಲ ಓಡುವ ಕ್ರೂಸರ್ ಇದೆಯಲ್ಲ, ಅದೂ ಅದೇ ಫೋರ್ಸ್ ಕಂಪನಿಯದು. ಎರಡಕ್ಕೂ ಒಂದೇ ವಂಶದ 2.6 ಲೀಟರ್ ಎಂಜಿನ್. ಅದರ ಮೂಲಪುರುಷ ಜರ್ಮನಿಯ ಮರ್ಸಿಡಿಸ್ ಮನೆಯವನು. ಗುರ್ಖಾಕ್ಕೆ ಮುಂದೆ ಹಿಂದೆ ಎರಡೂ ಕಡೆ ಡಿಫರೆನ್ಷಿಯಲ್ ಲಾಕ್ ಕಂಪನಿಯೇ ಕೊಟ್ಟಿದೆ ಎಂಬುದು ಮಾಸ್ತರ್ರ ಪಾಲಿಗೆ ದೊಡ್ಡ ಮಾತು. ಒಂದು ಚಕ್ರ ಗಾಳಿಯಲ್ಲಿ ತಿರುಗತೊಡಗಿದರೂ ಇನ್ನೊಂದಕ್ಕೆ ಬಲ ತಪ್ಪುವುದಿಲ್ಲ. ಆದರೆ 2024ರಲ್ಲಿ ಐದು ಬಾಗಿಲಿನ ಗುರ್ಖಾಕ್ಕೆ ಹದಿನೆಂಟು ಲಕ್ಷ ಅಂದಾಗ ಅವರ ತಮ್ಮ, ‘ಅಣ್ಣಾ, ಅಷ್ಟ್ ರೊಕ್ಕ ಕೊಟ್ಟು ಕ್ರೂಸರ್ ತರ್ತೀಯೇನು? ಲಗ್ನಕ್ಕ ಬಾಡಿಗಿಗಿ ಬಿಡಾಕೂ ಬರಂಗಿಲ್ಲ’ ಅಂದುಬಿಟ್ಟ. ಅದರ ಮೇಲೆ ನಮ್ಮ ರಾಜ್ಯದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದೊಳಗಿನ ಗಾಡಿಗೆ ಆಜೀವ ತೆರಿಗೆಯೇ ನೂರಕ್ಕೆ 17, ಸೆಸ್ ಬೇರೆ. ಒಂದು ಕಡೆ ಉಮರ್ಗಾ ಮಹಾರಾಷ್ಟ್ರ, ಇನ್ನೊಂದು ಕಡೆ ಜಹೀರಾಬಾದ್ ತೆಲಂಗಾಣ; ಮೂರೂ ರಾಜ್ಯದ ದರ ಅವರ ಪುಸ್ತಕದಲ್ಲಿವೆ. ಎಲ್ಲಿ ಕೊಂಡರೂ ಕೆಎ 56 ನಂಬರು ಬೇಕಾದರೆ ತೆರಿಗೆ ಇಲ್ಲಿಯೇ ಕಟ್ಟಬೇಕೆಂಬುದು ಕೊನೆಯ ಸಾಲು.

ಒಮ್ಮೆ ಶಾಲೆಯ ಪ್ರವಾಸದಲ್ಲಿ ಮಾಸ್ತರ್ರು ಕೊಡಚಾದ್ರಿಗೆ ಹೋದರು. ಕೊಲ್ಲೂರಿನ ಕಡೆಯಿಂದ ಬೆಟ್ಟಕ್ಕೆ ಜೀಪುಗಳು ದಿನವೂ ಹತ್ತಿ ಇಳಿಯುತ್ತವೆ. ಅದು ರಸ್ತೆಯೆಂದು ಯಾರೂ ಒಪ್ಪಲಾರರು: ಬಂಡೆ, ಗುಂಡಿ, ಕೆಮ್ಮಣ್ಣಿನ ಕೊರಕಲು. ಚಾಲಕ ಬಾಯಿತುಂಬ ಎಲೆಯಡಿಕೆ ಹಾಕಿಕೊಂಡು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದಿದ್ದ. ಮಾಸ್ತರ್ರು ಮುಂದೆ ಕೂತು, ಟೈರಿನ ಗಾಳಿ ಎಷ್ಟು ಇಟ್ಟಿದ್ದೀರಿ ಎಂದು ಕೇಳಿದರು. ಅವನು ಉಗುಳಿ, ‘ಕಾಲಲ್ಲಿ ಒದ್ದು ನೋಡಿದ್ರೆ ಗೊತ್ತಾಗ್ತದೆ ಮಾರಾಯ್ರೆ’ ಅಂದ. ಏರುಕೋನ ಎಷ್ಟಿರಬಹುದು ಎಂದದ್ದಕ್ಕೆ, ‘ಮೇಲೆ ಹೋದ್ಮೇಲೆ ಹೇಳ್ತೇನೆ’ ಅಂದ. ಮಾಸ್ತರ್ರು ಆ ಉತ್ತರವನ್ನೂ ಬರೆದುಕೊಂಡಿದ್ದಾರೆ.

ಇವೆಲ್ಲ ಎಲ್ಲಿಂದ ಶುರುವಾಯಿತು ಎಂಬುದನ್ನು ಅವರು ಒಮ್ಮೆ ಮಾತ್ರ ಹೇಳಿದ್ದು, ಕರೆಂಟು ಹೋದ ರಾತ್ರಿ, ಕಟ್ಟೆಯ ಮೇಲೆ. ಮೊದಲ ನೌಕರಿ ಒಂದು ತಾಂಡಾದ ಶಾಲೆಯಲ್ಲಿ. ಸೋಮವಾರ ನಸುಕಿನಲ್ಲಿ ಮಹೀಂದ್ರಾ ಕಮಾಂಡರ್ ಜೀಪಿನ ಹಿಂದಿನ ಬಂಪರಿನ ಮೇಲೆ ನಿಂತು ಹೋಗಬೇಕು, ಶನಿವಾರ ಹಾಗೇ ಮರಳಬೇಕು. ಮಳೆಗಾಲದಲ್ಲಿ ತಾಂಡಾದ ಮುಂದಿನ ಏರಿನಲ್ಲಿ ಜೀಪು ನಿಲ್ಲುತ್ತಿತ್ತು. ಎಲ್ಲರೂ ಇಳಿಯುತ್ತಿದ್ದರು. ಚಾಲಕ ಕೆಸರಿನಲ್ಲಿ ಕೂತು ಮುಂದಿನ ಒಂದೊಂದು ಚಕ್ರದ ನಡುಬಿಂದುವಿನ ಹಬ್ ಅನ್ನು ಕೈಯಿಂದ ತಿರುವಿ, ಒಳಗೆ ಹೋಗಿ ಸಣ್ಣ ಲಿವರ್ ಎಳೆಯುತ್ತಿದ್ದ. ಎಂಜಿನ್ನಿನ ದನಿ ಬದಲಾಗಿ, ಜೀಪು ಅವಸರವಿಲ್ಲದೆ ಒಂದೊಂದೇ ಹಲ್ಲು ಊರಿ ಮೇಲೇರುತ್ತಿತ್ತು. ಒಂದು ಸಲ ಚಾಲಕ, ‘ಸರ್, ನೀವ್ ಜಗ್ರಿ’ ಎಂದು ಲಿವರ್ ಇವರ ಕೈಗೆ ಕೊಟ್ಟ. ಇಪ್ಪತ್ತೆರಡು ವರ್ಷದ ಹುಡುಗ, ಊರಲ್ಲಿ ಸಾಲ, ಸಂಬಳ ತಿಂಗಳು ತಿಂಗಳು ಬರುವ ಭರವಸೆಯಿಲ್ಲ. ಅವತ್ತು ಎಳೆದ ಲಿವರ್ ಮಾತ್ರ ಹೇಳಿದ ಮಾತು ಕೇಳಿತು.

ಈಗ ಆ ತಾಂಡಾಕ್ಕೆ ಡಾಂಬರು ರಸ್ತೆ. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ, ಆಮೇಲೆ ರಾಜ್ಯದ ನಮ್ಮ ಗ್ರಾಮ ನಮ್ಮ ರಸ್ತೆ, ಹೀಗೆ ಒಂದಾದ ಮೇಲೊಂದು ಬಂದು ಮಾಸ್ತರ್ರ ನೋಟ್‌ಬುಕ್ಕಿನ ಕೊನೆಯ ಪುಟವನ್ನು ತಿನ್ನುತ್ತ ಹೋದವು. ಆ ಪುಟದ ತಲೆಬರಹ ‘ಅವಶ್ಯಕತೆ’. ನಾಲ್ಕೂ ಚಕ್ರದ ಗಾಡಿ ಇಲ್ಲದೆ ಹೋಗಲಾಗದ ಸುತ್ತಲಿನ ದಾರಿಗಳ ಪಟ್ಟಿ ಅದು. ಒಂದೊಂದು ರಸ್ತೆಗೆ ಭೂಮಿಪೂಜೆಯಾದಾಗ ಒಂದೊಂದು ಸಾಲಿಗೆ ಕಾಟು ಬೀಳುತ್ತದೆ. ಇಂಥ ಪೂಜೆಗಳಲ್ಲಿ ಮಾಸ್ತರ್ರು ಮುಖ ಇಳಿಬಿಟ್ಟು ನಿಂತಿರುವುದನ್ನು ಕಂಡ ಹೊಸ ಎಂಜಿನಿಯರರು ಇವರು ಅಭಿವೃದ್ಧಿಯ ವಿರೋಧಿಗಳೆಂದು ತಿಳಿದದ್ದುಂಟು. ‘ಸಾಹೇಬ್ರ, ಇದು ಪೂರಾ ಮಾಡ್ತೀರೇನು, ಅರ್ಧಾ ಬಿಡ್ತೀರಿ?’ ಎಂದು ಅವರು ಕೇಳಿದಾಗ ದನಿಯಲ್ಲಿದ್ದದ್ದು ದೂರೋ ಆಸೆಯೋ ಹೇಳುವುದು ಕಷ್ಟ. ಈಚೆಗೆ ಉದ್ಯೋಗ ಖಾತರಿಯಲ್ಲಿ ಹೊಲದ ದಾರಿ ಮಾಡಿಕೊಡುವ ‘ನಮ್ಮ ಹೊಲ ನಮ್ಮ ದಾರಿ’ಯ ಸುದ್ದಿಯೂ ಊರಿಗೆ ಬಂದಿದೆ. ಪಟ್ಟಿಯಲ್ಲಿ ಉಳಿದಿರುವುದು ಆ ಹಳ್ಳದ ದಾರಿಯೊಂದೇ. ಅದಕ್ಕೂ ಪೈಪು ಹಾಕಿ ಸಣ್ಣ ಸೇತುವೆ ಮಾಡೋಣವೆಂದು ಪಂಚಾಯತಿಯಲ್ಲಿ ಯಾರೋ ಎತ್ತಿದ್ದಾರೆ.

ಉಳಿದ ಕೆಸರಿಗೆ ಉತ್ತರವಾಗಿ ಟ್ರ್ಯಾಕ್ಟರ್ ಇದೆ. ಮಹೀಂದ್ರಾ ಟ್ರ್ಯಾಕ್ಟರುಗಳು ತಯಾರಾಗುವ ಒಂದು ಕಾರ್ಖಾನೆ ಹುಮನಾಬಾದಿನಿಂದ ತಾಸಿನ ದಾರಿಯ ಜಹೀರಾಬಾದಿನಲ್ಲೇ ಇದೆ. ಥಾರ್ ದೂರದ ನಾಸಿಕ್‌ನಿಂದ ಬರಬೇಕು. ಎರೆಮಣ್ಣು ಮಾಮೂಲಿ ಟೈರಿನ ಗೀರುಗಳಲ್ಲಿ ತುಂಬಿಕೊಂಡರೆ ನಾಲ್ಕಲ್ಲ, ಎಂಟು ಚಕ್ರವಿದ್ದರೂ ಜಾರುತ್ತದೆ. ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಚಕ್ರದ ಓರೆ ಹಲ್ಲುಗಳು ಮಣ್ಣನ್ನು ತಾವೇ ಎಸೆದುಕೊಂಡು ನಡೆಯುತ್ತವೆ. ಹೋದ ವರ್ಷ ಸೋಯಾ ಹೊಲದ ಬದಿಯ ಒಂದು ಲಗ್ನಕ್ಕೆ ಹೈದರಾಬಾದಿನಿಂದ ಬಂದ ದೊಡ್ಡ ಗಾಡಿಯೊಂದು ಅಚ್ಚಿನವರೆಗೆ ಹೂತುಕೊಂಡು, ಅದನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತೆಗೆದರು. ರೈತರು ನೆಲ ಹದಕ್ಕೆ ಬರುವವರೆಗೆ ಹೊಲಕ್ಕೇ ಹೋಗುವುದಿಲ್ಲ ಎಂದು ಊರ ಹಿರಿಯರು ಅಂದರು. ಮಾಸ್ತರ್ರು, ‘ಮಡ್ ಟೈರ್ ಇರಲಿಲ್ಲ, ಗಾಳಿನೂ ಇಳಿಸಿರಲಿಲ್ಲ’ ಎಂದು ತಮ್ಮೊಳಗೇ ಅಂದುಕೊಂಡರು.

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಬದಲಾಯಿತು. ನಾಲ್ಕು ಮೀಟರ್ ಒಳಗಿನ, ಒಂದೂವರೆ ಲೀಟರ್ ಒಳಗಿನ ಡೀಸೆಲ್ ಗಾಡಿಯ ತೆರಿಗೆ, ಸೆಸ್ ಸೇರಿ 31 ಇದ್ದದ್ದು, 18ಕ್ಕೆ ಇಳಿಯಿತು. ದೊಡ್ಡ ಎಂಜಿನ್ನಿನವು 40ಕ್ಕೆ ನಿಂತವು. 3,985 ಮಿಲಿಮೀಟರ್ ಉದ್ದದ ಥಾರ್‌ನಲ್ಲಿ ಒಂದೂವರೆ ಲೀಟರಿನ ಡೀಸೆಲ್ಲೂ ಉಂಟು. ಮಾಸ್ತರ್ರು ಹೊಸ ನೋಟ್‌ಬುಕ್ ತಂದರು. ಅದಕ್ಕೆ ಗೆರೆ ಹೊಡೆಯುತ್ತಿದ್ದ ವಾರದಲ್ಲೇ ಅವರ ಹಳೆಯ ವಿದ್ಯಾರ್ಥಿಯೊಬ್ಬ, ಹುಮನಾಬಾದಿನಲ್ಲಿ ತೊಗರಿ ವ್ಯಾಪಾರ ಮಾಡುವ ಹುಡುಗ, ‘ಕರೀ ಬಣ್ಣ ಮಸ್ತ್ ಕಾಣ್ತದ ರೀ ಸರ್’ ಎಂದು ಒಂದನ್ನು ತಂದು ಬಾಗಿಲ ಮುಂದೆ ನಿಲ್ಲಿಸಿದ. ನಿಂಬೆಹಣ್ಣು, ತೆಂಗಿನಕಾಯಿ ಎಲ್ಲ ಆದಮೇಲೆ ಸ್ಟೇರಿಂಗಿನ ಮುಂದೆ ಮೊದಲು ಗುರುಗಳೇ ಕೂಡಬೇಕೆಂದು ಹಟ ಹಿಡಿದ.

ಮಾಸ್ತರ್ರು ಚಪ್ಪಲಿ ಹೊರಗೆ ಬಿಟ್ಟು ಏರಿದರು. ಸೀಟು ಸರಿಮಾಡಿಕೊಂಡರು. ಕನ್ನಡಿ ನೋಡಿದರು. ಗೇರಿನ ಪಕ್ಕಕ್ಕೆ ಎಡಗೈ ಹೋಯಿತು. ಅಲ್ಲಿ ಒಂದು ಖಾನೆ. ಖಾನೆಯಲ್ಲಿ ಹುರಿದ ಶೇಂಗಾ.

‘ಇಲ್ಲಿ ಇನ್ನೊಂದು ಲಿವರ್ ಇರಬೇಕಲ್ಲೊ, ತಮ್ಮಾ?’

‘ಯಾವ ಲಿವರ್ ರೀ ಸರ್? ಇದು ಹಿಂದಿನ ಎರಡ ಗಾಲಿದು. ಇದs ಸಸ್ತಾ ಆಗ್ಯದ.’

ಕಟ್ಟೆಯ ಮೇಲಿದ್ದವರೆಲ್ಲ ಮಾಸ್ತರ್ರ ಮುಖ ನೋಡಿದರು. ಅವರು ನಾಲ್ಕು ಶೇಂಗಾ ತೆಗೆದುಕೊಂಡು ಸಿಪ್ಪೆ ಊದಿ ಬಾಯಿಗೆ ಹಾಕಿಕೊಂಡರು. ಎಂಜಿನ್ ಶುರುಮಾಡಿ ಒಂದು ಕ್ಷಣ ಕಿವಿಗೊಟ್ಟರು. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ ನೆರೆಯವನನ್ನು ಕರೆದರು: ‘ಟೇಪ್ ತಗೊಂಡ್ ಹಿಂದಿನ ಸೀಟಿಗಿ ಬರ್ರಿ. ನಮ್ಮವ್ವ ಅಲ್ಲಿ ಹ್ಯಾಂಗ್ ಏರ್ತಾಳ, ಹ್ಯಾಂಗ್ ಇಳೀತಾಳ, ನೀವು ಏರಿ ಇಳದು ತೋರಿಸ್ರಿ. ನಿಧಾನ ಏರ್ರಿ. ಆಕಿಗಿ ಮೊಣಕಾಲ್ ನೋವದ.’